ಸುಂದರಮ್ಮನ ಬೆಚ್ಚನೆ ಮನೆ

ರಾಜಾಜಿನಗರ, ಬೆಂಗಳೂರು
ಜನವರಿ ೧೯೫೭

ಅಕ್ಕನಿಗೆ ಕನಕಳ ನಮಸ್ಕಾರ.

ಚಳ್ಳಕೆರೆ ಬಿಸಿಲಲ್ಲಿ ಬೆಳೆದವಳಿಗೆ ಈ ಊರಿನ ಚಳಿ ತಡೆಯೋಕಾಗಲ್ಲ. ನಮ್ಮ ಮನೆ, ಪಕ್ಕದ ಸುಂದರಮ್ಮನ ಮನೆ ಎರಡೂ ಒಂದೇ ಅಚ್ಚು. ಆದ್ರೆ ಅವರದು ಬೆಚ್ಚಗಿರತ್ತೆ, ನಮ್ಮದು ಕೊರೆಯತ್ತೆ. ನನ್ನ ಪುಟ್ಟಿ ಇಲ್ಲಿ ಎಷ್ಟು ಹೊದಿಸಿದ್ರೂ ಅಳ್ತಾಳೆ, ಅಲ್ಲಿ ಹೋದ್ರೆ ನಿದ್ದೆ. ನಿನ್ನೆ ಕರ್ಕೊಂಡು ಬರೋಕೆ ಹೋದ್ರೆ ಅವರ ಸೆರಗೇ ಬಿಡಲಿಲ್ಲ. ಹೊಟ್ಟೆ ಉರಿದುಹೋಯ್ತು ಕಣೇ.

"ಗೋಡೆಗೂ ಹೆಂಚಿಗೂ ಮಧ್ಯೆ ಸಂದಿ ಇದೆಯಲ್ಲ ಕನಕಮ್ಮ, ಬಿಸಿಯೆಲ್ಲ ಅಲ್ಲೇ ಹೋಗೋದು. ನಾವು ಗೋಣಿ ತುರುಕಿದೀವಿ," ಅಂತ ಅವರೇ ನಗ್ತಾ ಹೇಳಿದ್ರು. ಆ ನಗು ನೋಡಿ ಇನ್ನಷ್ಟು ಉರೀತು.

ಮನೆಗೆ ಬಂದವಳೇ ನಮ್ಮೆಜಮಾನರನ್ನ ಏಣಿ ಹತ್ತಿಸಿ, ಮಲಗೋ ಕೋಣೆ ಸಂದಿಗೆಲ್ಲ ಗೋಣಿ ತುರುಕಿಸಿದೆ. ಬಾಗಿಲ ಬುಡಕ್ಕೆ ನೀನು ಹೊಲಿದುಕೊಟ್ಟ ಕೌದಿ ಸುತ್ತಿಟ್ಟಿದೀನಿ, ಬೇಜಾರು ಮಾಡ್ಕೋಬೇಡ. ಪುಟ್ಟಿ ನೆಗಡಿ ಇಳಿದಿದೆ, ಅಮ್ಮಂಗೆ ಹೇಳು.

ಈಗ ನನ್ನ ಪಕ್ಕದಲ್ಲೇ ಮಲಗಿದಾಳೆ. ಸ್ವಲ್ಪ ಹೊತ್ತಿನ ಮುಂಚೆ ಸುಂದರಮ್ಮ ಬಾಗಿಲು ತಟ್ಟಿ, "ಮಗು ಇವತ್ತು ಬರಲೇ ಇಲ್ವಲ್ಲ?" ಅಂದ್ರು. ಬಾಗಿಲು ತೆಗೆದ್ರೆ ಬಿಸಿ ಹೋಗತ್ತೆ ಅಂತ ಒಳಗಿಂದಲೇ ಹೇಳಿದೆ. ಅವರಿಗೆ ಮಕ್ಕಳಿಲ್ಲ, ಗೊತ್ತು. ಆದ್ರೂ ತೆಗೀಲಿಲ್ಲ.

ಕಾರ್ಡಲ್ಲಿ ಜಾಗ ಇಲ್ಲ.

ಕನಕ