ಅಳತೆ ನೋಡದೆ ತಂದ ಪ್ರೊಸೆಸರ್

ರೀ,

ಇವತ್ತು ನನಗೆ ಮೊದಲ ಪಾಳಿ, ನೀವು ಏಳುವ ಮೊದಲೇ ನಾಚಾರಂ ಬಸ್ಸು ಹಿಡಿಯುತ್ತೇನೆ. ಮಂಡಕ್ಕಿ ಸುಸಲಾ ಮುಚ್ಚಿಟ್ಟಿದ್ದೇನೆ, ತಿನ್ನಿ.

ನಿನ್ನೆ ತಂದ ಪ್ರೊಸೆಸರನ್ನು ಮತ್ತೆ ಒತ್ತಿ ಕೂರಿಸಲು ಹೋಗಬೇಡಿ. ಅದು ನಮ್ಮ ಹಳೆಯ ಮದರ್‌ಬೋರ್ಡಿಗೆ ಆಗುವಂಥದ್ದಲ್ಲ. ಗೀರು ಬಿದ್ದರೆ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಜೆಯೊಳಗೆ ಒಯ್ದರೆ ಬದಲಿಸಿ ಕೊಡುತ್ತಾರಂತೆ, ಫೋನ್ ಮಾಡಿ ಕೇಳಿದ್ದೇನೆ. ಸಂಯುಕ್ತಾ ಸೋಮವಾರ ಕಾಲೇಜಿಗೆ ತನ್ನ ಕಾರ್ಟೂನ್ ಚಿತ್ರ ಕೊಡಬೇಕು. ಹಳೆಯ ಪ್ರೊಸೆಸರಿನಲ್ಲಿ ಅದನ್ನು ತೆರೆದರೆ ಸಾಕು, ಕಂಪ್ಯೂಟರ್ ನಿಂತುಬಿಡುತ್ತದೆ. ನಿಮಗೆ ಬೇಜಾರಾದೀತು ಎಂದು ಮಗಳು ಬಾಯಿ ಬಿಡುತ್ತಿಲ್ಲ.

"ಅಂಗಡ್ಯಾಗ ಇದ್ದದ್ದರಾಗ ಇದ ಭಾಳ ಚಲೋ ಐತಿ" ಅಂದಿರಿ. ಇರಬಹುದು. ಆದರೆ ಬಳೆಗಾರ ಮೊದಲು ಕೈ ಹಿಡಿದು ನೋಡುತ್ತಾನೆ, ಆಮೇಲೆ ಬಳೆ ತೆಗೆಯುತ್ತಾನೆ. ಮದುವೆಯಾದ ಹೊಸತರಲ್ಲಿ ಚಾರ್‌ಮಿನಾರಿನಿಂದ ನನಗೆ ಬಳೆ ತಂದಿರಲ್ಲ, ಅವೂ ಅಂಗಡಿಯಲ್ಲಿ ಎಲ್ಲಕ್ಕಿಂತ ಚಂದದವೇ. ಸೋಪು ಹಚ್ಚಿದರೂ ಕೈಗೆ ಏರಲಿಲ್ಲ. ಆಗಲೂ ನೀವು ಒತ್ತಿಯೇ ನೋಡಿದಿರಿ, ನಾನು ಕೂಗಿದ್ದು ಪಕ್ಕದ ಮನೆಗೆ ಕೇಳಿತ್ತು!

ಹಾಗಾಗಿ ಈ ಸಲ ಬೋರ್ಡಿನ ಮೇಲೆ ಬರೆದಿರುವ ಹೆಸರಿನ ಫೋಟೋ ತೆಗೆದುಕೊಂಡು ಹೋಗಿ. ಇದಕ್ಕೆ ಕೂರುವುದರಲ್ಲಿ ಒಳ್ಳೆಯದು ಯಾವುದು ಎಂದು ಕೇಳಿ. ಕೇಳಿದರೆ ಮೀಸೆ ಮಣ್ಣಾಗುವುದಿಲ್ಲ.

ಬಿಲ್ಲು ಕಪಾಟಿನಲ್ಲಿದೆ, ಆ ಬಳೆಗಳ ಡಬ್ಬಿಯ ಕೆಳಗೆ. ಪ್ರೊಸೆಸರ್ ಬದಲಿಸಿಕೊಂಡು ಬನ್ನಿ. ಬಳೆಗಳು ಮಾತ್ರ ಅಲ್ಲೇ ಇರಲಿ. ಅವನ್ನು ಬದಲಿಸಬೇಕೆಂದು ನನಗೆ ಯಾವತ್ತೂ ಅನಿಸಿಲ್ಲ.

ವನಜಾ