ಹಿಂದಿನ ಬೆಂಚಿನವರ ಪ್ರಾರ್ಥನೆ

ಸ್ಕೆಲ್ಡಿಕ್, ಲಿಂಕನ್‌ಶೈರ್
ಫೆಬ್ರವರಿ 1982, ಮಂಗಳವಾರ

ಮುದ್ದಿನ ಜರ್ವಿಸ್,

ಐದು ಊರಿನ ಪಾದ್ರಿಗೆ ಹೀಗೆ ಬರೆಯಬಾರದೆಂದು ಗೊತ್ತು. ಆದರೆ ನಿನ್ನ ಮೂಗು ಒರೆಸಿ ಬೆಳೆಸಿದ ಚಿಕ್ಕಮ್ಮ ನಾನು, ಬೇರೆ ಹೇಗೆ ಬರೆಯಲಿ? ಫೋನು ಮಾಡಬಹುದಿತ್ತು. ಮಾಡಿದರೆ ನೀನು ವಾದ ಹೂಡಿ ಗೆಲ್ಲುತ್ತೀಯ, ನಾನು ಸರಿ ಕಣಪ್ಪ ಎಂದು ಇಟ್ಟುಬಿಡುತ್ತೇನೆ. ಬೆಳಗಿನಿಂದ ಕೂತು ಬರೆಯುವುದು, ಎದ್ದು ಓಡಾಡುವುದು, ಇದೇ ಆಗಿದೆ. ನೀರು ಕುದಿಸಿದೆ, ಚಹಾ ಮಾಡಲು ಮರೆತೆ. ಒಳಗೆ ನಿನ್ನ ಅಮ್ಮ ಮಲಗಿದ್ದಾಳೆ. ಅವಳ ಉಸಿರಿಗೆ ಕಿವಿಗೊಟ್ಟೇ ಬರೆಯುತ್ತಿದ್ದೇನೆ.

ನೀನು ಚರ್ಚಿನ ಬೀರುವಿಗೆ ಸೇರಿಸಿದ ಹಳೆಯ ಪ್ರಾರ್ಥನೆ ಪುಸ್ತಕದ ವಿಷಯ ಇದು.

ಹೊಸ ಪುಸ್ತಕ ತಂದ ದಿನ ನೀನು ಕೊಟ್ಟ ಕಾರಣ ತಪ್ಪೆಂದು ನಾನು ಹೇಳುವುದಿಲ್ಲ. “ಚಿಕ್ಕಮ್ಮ, ‘ಪ್ರಿವೆಂಟ್’ ಅಂದ್ರೆ ಆಗ ಮುಂದೆ ನಡೆದು ದಾರಿ ತೋರ್ಸೋದು. ಈಗ ತಡೆಯೋದು. ನೀವೆಲ್ಲ ಕೈಮುಗಿದು, ದೇವರೇ ನಮಗೆ ಅಡ್ಡ ಹಾಕು ಅಂತ ಬೇಡ್ಕೋತಾ ಇದೀರಿ!” ಎಂದು ನೀನು ನಕ್ಕಿದ್ದೆ. ನಿಜವೇ. ‘ಕ್ವಿಕ್’ ಎಂದರೆ ಬದುಕಿರುವವರು ಎಂದು ಈಗಿನ ಮಕ್ಕಳಿಗೆ ಯಾರು ತಿಳಿಸಬೇಕು? ನಮ್ಮಪ್ಪನ ಪುಸ್ತಕ ಇನ್ನೂ ಹಳೆಯದು. ಅದರಲ್ಲಿ ‘ಎಸ್’ ಅಕ್ಷರ ಥೇಟ್ ‘ಎಫ್’ ಥರ ಕಾಣುತ್ತಿತ್ತು. ನಿನ್ನ ಅಮ್ಮ ಎನಿಡ್ ಮತ್ತು ನಾನು ‘ಸಿನ್’ ಇರುವಲ್ಲೆಲ್ಲ ‘ಫಿನ್’ ಎಂದು ಓದಿ, ನಮ್ಮ ಪಾಪಗಳಿಗೆ ಮೀನಿನ ರೆಕ್ಕೆ ಬಂತೆಂದು ಬಿದ್ದು ಬಿದ್ದು ನಕ್ಕು, ಅಪ್ಪನಿಂದ ಕಿವಿ ಹಿಂಡಿಸಿಕೊಂಡೆವು. ‘ಮ್ಯೂಸಿಕ್’ಗೆ ಕೊನೆಯಲ್ಲಿ ಬೇಡದ ಬಾಲದ ಹಾಗೆ ಒಂದು ‘ಕೆ’ ಬೇರೆ. ನಗುನಗುತ್ತಲೇ ಅದೆಲ್ಲ ನಮಗೆ ಬಾಯಿಪಾಠವಾಯಿತು.

ಹಿಂದಿನ ಬೆಂಚಿನವರು ನಿನಗೆ ತಲೆನೋವಾಗಿದ್ದರು. ನೀನು ಹೊಸ ಪ್ರಾರ್ಥನೆ ಹೇಳಿಸಿದರೆ ಅವರು ಹಳೆಯ ಉತ್ತರವನ್ನೇ ಗೊಣಗುತ್ತಿದ್ದರು. ಆಲೂಗಡ್ಡೆ ಬೆಳೆಯುವ ಪಕ್ಲಿ ಅವರ ಮುಂದಾಳು. ದೇವರನ್ನು ಕರೆಯುತ್ತಿದ್ದ ಹಳೆಯ ‘ದೌ’ ಹೋಗಿ, ಎಲ್ಲರಿಗೂ ಅನ್ನುವ ‘ಯೂ’ ಬಂತೆಂದು ಅವನ ಸಿಟ್ಟು. “ಸಕ್ಕರೆ ಫ್ಯಾಕ್ಟರಿ ಮ್ಯಾನೇಜರ್‌ಗೂ ‘ಯೂ’, ದೇವರಿಗೂ ‘ಯೂ’. ಇಬ್ರೂ ಒಂದೇ ಏನ್ರೀ?” ಎಂದು ಎಲ್ಲರೆದುರು ಕೇಳಿದ್ದ. ಅವನ ಬಾಯಿ ಮುಚ್ಚಿಸಿದ್ದು ಯಾರು ಗೊತ್ತೇ? ನಿನ್ನ ಅಮ್ಮ. ಚರ್ಚಿನ ಬಾಗಿಲಲ್ಲೇ ತಡೆದು, “ಅಲ್ಲಿ ನಿಂತಿರೋನು ನನ್ನ ಮಗ. ಅವನು ಏನ್ ಹೇಳ್ತಾನೋ ಅದನ್ನೇ ಹೇಳು. ಇಲ್ಲಾಂದ್ರೆ ಸುಗ್ಗಿ ಊಟಕ್ಕೆ ನನ್ನ ಕೈಯ ಪ್ಲಮ್ ಬ್ರೆಡ್ ಮರ್ತುಬಿಡು” ಎಂದಳು. ಅಂದಿನಿಂದ ಅವಳು ಎಲ್ಲರಿಗಿಂತ ಗಟ್ಟಿಯಾಗಿ ನಿನ್ನ ಹೊಸ ಪ್ರಾರ್ಥನೆ ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೂ ಅವಳ ತುಟಿ ಅಲ್ಲಾಡುತ್ತಿದ್ದುದು ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕಾಣುತ್ತಿತ್ತು.

ಭಾನುವಾರ ನೀನು ಬಂದು ಹಾಸಿಗೆಯ ಪಕ್ಕ ಮೊಣಕಾಲೂರಿ ಹೊಸ ಪುಸ್ತಕದಿಂದ ಓದಿದೆ. ಚೆನ್ನಾಗಿ ಓದಿದೆ. ಅವಳು ಪ್ರತಿಯೊಂದಕ್ಕೂ ಆಮೆನ್ ಎಂದಳು. ನಿನ್ನ ಕಾರು ಹೋದ ಮೇಲೆ ನನ್ನ ಕೈ ಹಿಡಿದು, “ಡೋರ್ಕಸ್, ಒಂದೂ ಒಳಗಿಳೀಲಿಲ್ಲ ಕಣೇ. ಯಾರ್ದೋ ಮನೇಲಿ ಕೂತ ಹಾಗಾಯ್ತು. ನಮ್ಮ ಹಳೇದನ್ನ ಹೇಳೇ” ಎಂದಳು. ನಾನು ಶುರು ಮಾಡಿದೆ. ಅಳು ಬಂದು ನಡುವೆಯೇ ನಿಲ್ಲಿಸಿಬಿಟ್ಟೆ. ಅವಳೇ ಮುಂದುವರಿಸಲು ಹೋದಳು, ಉಸಿರು ಸಾಲಲಿಲ್ಲ. “ಜರ್ವಿಸ್‌ಗೆ ಹೇಳ್ಬೇಡ. ಪಾಪ, ನೊಂದ್ಕೋತಾನೆ” ಎಂದು ಆಣೆ ಹಾಕಿಸಿಕೊಂಡಳು. ಆ ಆಣೆಯನ್ನು ಈಗ ಮುರಿದಿದ್ದೇನೆ.

ನಿನ್ನೆಯಿಂದ ಅವಳು ಮಾತಾಡಿಲ್ಲ. ಕಿವಿ ಕೇಳಿಸುತ್ತಿರಬೇಕು ಎನ್ನುತ್ತಾರೆ ಡಾಕ್ಟರು. ಹೆಸರು ಹಿಡಿದು ಕರೆದರೆ ಹುಬ್ಬು ಕದಲುತ್ತದೆ.

ಮಣ್ಣು ಮಾಡುವ ದಿನ ಹಳೆಯದನ್ನು ಓದು ಎಂದು ಕೇಳುತ್ತಿದ್ದೇನೆ ಅಂದುಕೊಂಡೆಯಾ? ಅಲ್ಲ ಮಗನೇ. ಆ ದಿನ ನಿನಗಿಷ್ಟವಾದ ಪುಸ್ತಕ ಓದು, ಪಕ್ಲಿ ಗೊಣಗಿದರೆ ಗೊಣಗಿಕೊಳ್ಳಲಿ. ಈ ಕಾಗದವನ್ನು ಅಂಚೆಗೆ ಹಾಕದೆ ಪಕ್ಕದ ಮನೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ, ನೀನು ಇವತ್ತೇ ಬಾ. ಆ ಹಳೆಯ ಪ್ರಾರ್ಥನೆ ನಿನಗೆ ಪೂರ್ತಿ ಬರುತ್ತದೆ, ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವಳು ಅವಳೇ. ಅವಳ ಕಿವಿಯ ಹತ್ತಿರ ಬಗ್ಗಿ ನಿಧಾನವಾಗಿ ಹೇಳು. ಪಾದ್ರಿಯಾಗಿ ಬೇಡ, ಅಮ್ಮ ಕಲಿಸಿದ್ದನ್ನು ಅಮ್ಮನಿಗೆ ಒಪ್ಪಿಸುವ ಮಗನಾಗಿ ಹೇಳು.

ದೇವರು ನಿನಗೆ ಧೈರ್ಯ ಕೊಡಲಿ. ನನ್ನ ಮೇಲಿನ ಸಿಟ್ಟು ನಾಳೆಗಿರಲಿ.

ನಿನ್ನ ಚಿಕ್ಕಮ್ಮ,
ಡೋರ್ಕಸ್