ಅನಸುಬಾಯಿ ಬಂದ ಶುಕ್ರವಾರಗಳು

ಚಿತ್ತಾಪುರ, ೧೯೬೮

ಜನವರಿ ೮, ಸೋಮವಾರ

ಎಸ್ಸೇ ಯೋಚಿಸುತ್ತ ಒಗ್ಗರಣೆಗೆ ಇಟ್ಟೆ. ಸಾಸಿವೆ ಸೀದುಹೋಯಿತು. ಅನಸುಬಾಯಿ ಒಂದು ದಿನವೂ ಸೀಯಿಸಿರಲಿಲ್ಲವಂತೆ — ಅತ್ತೆಯ ಮಂತ್ರ ಶುರು. ಅನಸುಬಾಯಿ ಇವರ ಮೊದಲ ಹೆಂಡತಿ. ಸತ್ತು ಮೂರು ವರ್ಷ. ಅವಳ ಹೆಸರಿನ ಬೆಳ್ಳಿ ಪದಕ ನನ್ನ ತಾಳಿಯ ಪಕ್ಕದಲ್ಲಿದೆ. ಎರಡನೆಯವಳಾಗಿ ಬಂದವಳು ಸತ್ತ ಸವತಿಯನ್ನು ಕೊರಳಲ್ಲಿ ಹೊರಬೇಕು. ಹೊಸ ಸೀರೆ ಮೊದಲು ಪದಕಕ್ಕೆ ಮುಟ್ಟಿಸಬೇಕು, ಆಮೇಲೆ ನನಗೆ. ಸತ್ತವಳ ದರಬಾರು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಂ.ಎ. ಪರೀಕ್ಷೆ ಏಪ್ರಿಲ್‌ನಲ್ಲಿ, ಧಾರವಾಡದಲ್ಲಿ. ಎಸ್ಸೇ ವಿಷಯ: ಹಳೆಯ ಗಾಥಿಕ್ ಭಯದ ಕಾದಂಬರಿಗಳ ಹೋಲಿಕೆ. ಈವರೆಗೆ ಸಿಕ್ಕದ್ದು — ಹಳೆಯ ಮನೆ. ಕೀಲಿ ಹಾಕಿದ ಕೋಣೆ. ಸತ್ತ ಹೆಂಡತಿ. ಎಲ್ಲ ಗೊತ್ತಿದ್ದೂ ಬಾಯಿಬಿಡದ ಆಳು. ಬಿರುಗಾಳಿ, ಮಳೆ. ನಮ್ಮಲ್ಲಿ ಮಳೆಯೊಂದು ಬಿಟ್ಟು ಉಳಿದದ್ದೆಲ್ಲ ಇದೆ.

ಜನವರಿ ೧೯, ಶುಕ್ರವಾರ

ಪರೀಕ್ಷೆಗೆ ಕಳಿಸುವುದಿಲ್ಲ. ಅನಸುಬಾಯಿ ಹೊಸ್ತಿಲು ದಾಟಿದವಳಲ್ಲ, ನೀನೂ ದಾಟಬೇಡ ಅಂದರು ಅತ್ತೆ. ಇವರು ವಕೀಲರು. ಕೋರ್ಟಿನಲ್ಲಿ ಗಂಟೆಗಟ್ಟಲೆ ಬಾಯಿ, ತಾಯಿಯ ಮುಂದೆ ಮೂಗ. ಮದುವೆಗೆ ಮುಂಚೆ ನಮ್ಮಪ್ಪನಿಗೆ "ಓದಿಸ್ತೀವ್ರಿ" ಅಂದದ್ದು ಇದೇ ಬಾಯಿ. ಅಪ್ಪ ಸುಲೇಪೇಟದ ಸ್ಕೂಲ್ ಮಾಸ್ತರ್, ಪಾಪ, ನಂಬಿಬಿಟ್ಟರು.

ಪುಸ್ತಕಗಳಲ್ಲಿ ಇನ್ನೊಂದು ಹೋಲಿಕೆ. ಬದುಕಿದ ಹೆಂಗಸು ಎಷ್ಟು ಬಡಕೊಂಡರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಸತ್ತವಳು ಒಂದು ಸಲ ಕಿಟಕಿ ಬಡಿದರೆ ಯಜಮಾನ ಎದ್ದು ಕೂರುತ್ತಾನೆ... ಯೋಚನೆ ಮಾಡಬೇಕು.

ಫೆಬ್ರವರಿ ೨, ಶುಕ್ರವಾರ

ಮಾಡಿಬಿಟ್ಟೆ. ಆರತಿಯ ಹೊತ್ತಿಗೆ ಕೂದಲು ಬಿಚ್ಚಿ ಕುಳಿತೆ. ತೂಗಾಡಿದೆ. "ಅವ್ವಾ" ಅಂದೆ. ನಾನು ಯಾವಾಗಲೂ ಅತ್ತೀ ಅನ್ನುವವಳು. ಅವ್ವಾ ಅನ್ನುತ್ತಿದ್ದವಳು ಅನಸುಬಾಯಿ. ಅತ್ತೆಯ ಕೈಯಿಂದ ತಟ್ಟೆ ಬಿತ್ತು. ಏನು ಬೇಕು ಅಂತ ನಡುಗುತ್ತ ಕೇಳಿದಳು.

"ಈಕೀನ್ನ ಪರೀಕ್ಷಾಕ್ಕ ಕಳಸ್ರಿ."

ಮುದುಕಿ ನೆಲಕ್ಕೆ ಹಣೆ ಹಚ್ಚಿದಳು. ನಗು ಒತ್ತಿ ಬಂತು. ತುಟಿ ಕಚ್ಚಿಕೊಂಡೆ — ಅದೂ ದೆವ್ವದ ಹಾಗೆಯೇ ಕಂಡಿರಬೇಕು.

ಫೆಬ್ರವರಿ ೧೬, ಶುಕ್ರವಾರ

ಪರೀಕ್ಷೆಯ ಫಾರ್ಮು ಹೋಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಶುಕ್ರವಾರ ಬಂತೆಂದರೆ ಅನಸುಬಾಯಿ ಹಾಜರ್. ಅತ್ತೆಯೇ ಓಣಿಯ ಹೆಂಗಸರನ್ನೆಲ್ಲ ಕರೆಯುತ್ತಾಳೆ. ಹಾಲು ಹಾಕುವ ಸೈದಾನಬಿ ಸಹ ಬಂದು ಕೈಮುಗಿದಳು.

ಇವತ್ತು ಮುದುಕಿಯಿಂದ ಕಾಲು ತೊಳೆಸಿಕೊಂಡೆ. ಕಲ್ಲುಹಾಸಿನ ಮೇಲೆ ಮೊಣಕಾಲೂರಿ, ನರಳುತ್ತ ತೊಳೆದಳು. ನೀರು ತಣ್ಣಗಿದೆ ಅಂತ ಚೆಲ್ಲಿ ಮತ್ತೆ ಕಾಯಿಸಿ ತರಿಸಿದೆ. ಭಾಳ ಸುಖವಾಯಿತು. ಇಲ್ಲಿ ಸುಳ್ಳೇಕೆ ಬರೆಯಲಿ.

ಎಸ್ಸೇಗೆ ಒಂದು ಸಾಲು: ಈ ಕಾದಂಬರಿಗಳಲ್ಲಿ ದೆವ್ವ ಯಾರನ್ನೂ ಕೊಲ್ಲುವುದಿಲ್ಲ, ಕೊಲ್ಲುವವರು ಮನೆಯವರೇ.

ಮಾರ್ಚ್ ೧, ಶುಕ್ರವಾರ

ಹೆಂಗಸರೆಲ್ಲ ಹೋಗಿದ್ದರು. ದೇವರ ಕೋಣೆಯಲ್ಲಿ ಅತ್ತೆ, ನಾನು, ಇಬ್ಬರೇ. ಇನ್ನಷ್ಟು ಅಳಿಸೋಣ ಅಂತ, ನನಗೆ ಯಾಕೆ ಹೀಗೆ ಮಾಡಿದಿರಿ ಅಂತ ಸುಮ್ಮನೆ ಕೇಳಿದೆ. ಪುಸ್ತಕದ ದೆವ್ವಗಳು ಕೇಳುವ ಮಾತು. ಅತ್ತೆ ಎದೆ ಬಡಿದುಕೊಂಡಳು.

"ನಾ ಕೀಲಿ ಹಾಕಿಲ್ಲವಾ. ತವರಿಗಿ ಹೋಗ್ತೀನಂತ ಹಟಾ ಹಿಡದಿ, ನಿನ್ನ ಗಂಡ ಹಾಕ್ದ. ಹೆರಿಗಿ ಬ್ಯಾನಿ ಎದ್ದು ನೀ ಒದರೋದು ಕೇಳ್ದೆ. ತೆಗೀಲಿಲ್ಲ, ಅಷ್ಟೇ ನಂದು ತಪ್ಪು."

ಹೆರಿಗೆಯಾದ ಮೇಲೆ ಜ್ವರ ಬಂದು ಸತ್ತಳು, ಕೂಸೂ ಉಳಿಯಲಿಲ್ಲ ಅಂತ ನಮಗೆ ಹೇಳಿದ್ದರು. ತೂಗಾಡುವುದು ಮರೆತೇಹೋಯಿತು. ಕಣ್ಣು ತೆರೆದೆ. ಬಾಗಿಲಲ್ಲಿ ಇವರು, ಕರಿ ಕೋಟಿನಲ್ಲಿ. ನನ್ನನ್ನೇ ನೋಡುತ್ತಿದ್ದರು.

ಮಾರ್ಚ್ ೧೮, ಸೋಮವಾರ

ಕಾಳಿನ ಕೋಣೆ. ನಿನ್ನೆ ರಾತ್ರಿ ಇವರೇ ತಂದು ಹಾಕಿದರು, ಹೊರಗಿನಿಂದ ಕೀಲಿ. ಅವಳನ್ನು ಹಾಕಿದ್ದೂ ಇಲ್ಲಿಯೇ ಇರಬೇಕು. ದಿನಚರಿ ಉಡಿಯಲ್ಲಿ ಬಂತು.

ಇವರು ಬಂದಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ. ಕಕ್ಷಿದಾರನಿಗೆ ಹೇಳುವ ಹಾಗೆ ಸಮಾಧಾನದಿಂದ ಹೇಳಿದರು.

"ನೀ ನಾಟಕಾ ಮಾಡ್ಲಿಕತ್ತಿದ್ದು ನನಗ ಗೊತ್ತದ. ಓಣಿಗಿ ಗೊತ್ತಿಲ್ಲ. ಸಾಕ್ಷಿ ನೀನೇ ಕೂಡ್ಸಿ ಕೊಟ್ಟಿ. ಈಗ ಏನ್ ಬೇಕಾದ್ದು ಹೇಳು, ಯಾರ್ ನಂಬ್ತಾರ."

ಎಲ್ಲ ಪುಸ್ತಕದಲ್ಲೂ ಇದು ಇತ್ತು. ಕೀಲಿ ಹಾಕಿದವನೇ ಬಂದವರ ಮುಂದೆ ಒಳಗಿದ್ದವಳಿಗೆ ಹುಚ್ಚು ಅನ್ನುತ್ತಾನೆ, ಬಂದವರು ಒಪ್ಪಿ ಚಹಾ ಕುಡಿದು ಹೋಗುತ್ತಾರೆ. ಮನೆ, ಮಳೆ, ಕಿಟಕಿ ಎಲ್ಲ ಬರೆದುಕೊಂಡೆ. ಇದನ್ನು ಬಿಟ್ಟೆ. ಎಂಥ ದಡ್ಡಿ ನಾನು.

ಮಾರ್ಚ್ ೧೯

ಅಪ್ಪ ಬಂದರು. ಇವರೇ ಕರೆಸಿದ್ದು. ಬಾಗಿಲ ಸಂದಿಗೆ ಬಾಯಿ ಇಟ್ಟು ಕೂಗಿದೆ — ಇವರು ಅನಸುಬಾಯಿಯನ್ನು ಈ ಕೋಣೆಯಲ್ಲೇ ಕೊಂದರು, ನನ್ನನ್ನೂ ಕೊಲ್ಲುತ್ತಾರೆ, ತೆಗೆಯಿರಿ ಅಪ್ಪಾ ಅಂತ. ಸೈದಾನಬಿ ಹೊರಗೆ ಅಳುತ್ತ, ಈಕೆಯ ಕಣ್ಣಲ್ಲಿ ಸತ್ತವಳನ್ನು ಕಂಡೆ ಅಂತ ಆಣೆ ಮಾಡಿದಳು. ಪಾಪ, ನನ್ನ ಮೇಲಿನ ಕಕ್ಕುಲಾತಿಗೆ.

ಅಪ್ಪ ಬಾಗಿಲ ಹತ್ತಿರ ಬಂದರು. ಅವರ ಉಸಿರು ಕೇಳಿಸಿತು.

"ತಾಯೀ ಅನಸುಬಾಯಿ, ನಿನಗ ಕೈ ಮುಗೀತೀನಿ. ನನ್ನ ಮಗಳನ್ನ ಬಿಟ್ಟು ಹೋಗವಾ."

ನಾನು, ನಾನೇ ಅಂದೆ. ಮತ್ತೆ ಅಂದೆ. ಅವರು ಇನ್ನೂ ಜೋರಾಗಿ ಅತ್ತರು.

ಮಾರ್ಚ್ ೨೦

ಅಂಗಳದಲ್ಲಿ ಕೆಂಡ ಮಾಡಿದ್ದಾರೆ. ಬರೆ ಹಾಕುವವನು ಬಂದಿದ್ದಾನೆ. ದೆವ್ವ ತನ್ನ ಹೆಸರು ಹೇಳುವವರೆಗೂ ಬಿಡುವುದಿಲ್ಲವಂತೆ. ನನ್ನ ಹೆಸರು ಹೇಳಿದರೆ ಸುಳ್ಳು ಅನ್ನುತ್ತಾರೆ. ಅವಳ ಹೆಸರು ಹೇಳಿದರೆ ಇವರ ಕೇಸು ಗೆದ್ದಂತೆ. ಕಾಲು ಗಟ್ಟಿಯಾಗಿ ಹಿಡಿಯಲು ಒಬ್ಬರು ಬೇಕು ಅನ್ನುತ್ತಿದ್ದಾನೆ. ಅಪ್ಪನ ದನಿ — ನಾ ಹಿಡೀತೀನ್ರಿ, ನನ್ನ ಕೂಸದ ಅನ್ನುತ್ತಿದ್ದಾರೆ. ಕೀಲಿ ತೆಗೆಯುತ್ತಿ